ಲೋಕಲ್‌ನಲ್ಲಿ ನಿಂತವರಿಗೂ ‘ಎದ್ದು ನಡೆಯಿರಿ’ ಎನ್ನುವ ವಾಚ್

ಪ್ರಶ್ನೆ: ಮುಂಬೈನ ಲೋಕಲ್ ರೈಲಿನಲ್ಲಿ ಡೊಂಬಿವಲಿಯಿಂದ ಸಿಎಸ್‌ಎಂಟಿ ನಿಲ್ದಾಣಕ್ಕೆ ದಿನವೂ ಕೆಲಸಕ್ಕೆ ಹೋಗಿಬರುವ ನನಗೆ ಮಗ ಸ್ಮಾರ್ಟ್ ವಾಚ್ ತಂದುಕೊಟ್ಟಿದ್ದಾನೆ. ಚಪಾತಿ ಲಟ್ಟಿಸಿದರೂ ಅದರಲ್ಲಿ ಹೆಜ್ಜೆಗಳು ಏರುತ್ತವೆ. ಕುರ್ಲಾ ದಾಟಿದ ಮೇಲೆ ಕಾಲೂರಲೂ ಜಾಗವಿಲ್ಲದ ಡಬ್ಬಿಯಲ್ಲಿ ‘ಎದ್ದು ನಡೆಯಿರಿ’ ಎಂದು ಎಚ್ಚರಿಸುತ್ತದೆ. ರಾತ್ರಿಯೊಳಗೆ 10,000 ಹೆಜ್ಜೆ ಆಗದಿದ್ದರೆ ಬೇಸರವಾಗುತ್ತದೆ. ಯಂತ್ರಕಲಿಕೆಯ (ಉದಾಹರಣೆಗಳಿಂದ ಯಂತ್ರವೇ ಕಲಿಯುವ ವಿಧಾನ) ಇಂಥ ಸಾಧನದಿಂದ ಅಭ್ಯಾಸ ಸುಧಾರಿಸುತ್ತದೆಯೇ?

ಉತ್ತರ: ಮೊದಲು ಚಪಾತಿಯ ವಿಷಯ. ವಾಚಿಗೆ ನಿಮ್ಮ ಕಾಲು ಕಾಣುವುದಿಲ್ಲ. ಮಣಿಕಟ್ಟಿನ ಅಲುಗಾಟವನ್ನು ಮೂರು ದಿಕ್ಕುಗಳಲ್ಲಿ ಅಳೆಯುವ ಸಂವೇದಕದ ಅಂಕಿಗಳನ್ನು ಕೆಲವೇ ಸೆಕೆಂಡುಗಳ ತುಣುಕುಗಳಾಗಿ ನೋಡಿ, ನಡೆಯುವವರ ಮತ್ತು ಕುಳಿತವರ ಚಲನೆಗಳಿಂದ ಮೊದಲೇ ಕಲಿತದ್ದರ ಆಧಾರದ ಮೇಲೆ ಅದು ಊಹೆ ಮಾಡುತ್ತದೆ. ಲಟ್ಟಣಿಗೆಯ ಲಯ ನಡಿಗೆಯ ಕೈಬೀಸನ್ನು ಹೋಲುವುದರಿಂದ ಮೋಸಹೋಗುತ್ತದೆ. (ಅದಕ್ಕೆ ಕಲಿಸಿದವರು ಚಪಾತಿ ಮಾಡಿದವರಿರಲಾರರು ಎಂಬುದು ನನ್ನ ಗುಮಾನಿ.)

10,000 ಎಂಬ ಸಂಖ್ಯೆ ವೈದ್ಯರ ಅಪ್ಪಣೆಯಲ್ಲ. 1965ರಲ್ಲಿ ಜಪಾನಿನಲ್ಲಿ ಮಾರಾಟಕ್ಕೆ ಬಂದ ‘ಮಾನ್ಪೋ-ಕೇ’ (ಹತ್ತು ಸಾವಿರ ಹೆಜ್ಜೆಯ ಮಾಪಕ) ಎಂಬ ಹೆಜ್ಜೆಮಾಪಕದ ಹೆಸರಿನಿಂದ ಹಬ್ಬಿದ್ದು. ಅಮೆರಿಕದ ವಯಸ್ಸಾದ ಮಹಿಳೆಯರ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸುಮಾರು 4,400 ಹೆಜ್ಜೆಗಳಲ್ಲೇ ಸಾವಿನ ಅಪಾಯ ಕಡಿಮೆ ಕಂಡುಬಂದು, 7,500ರ ಸುಮಾರಿಗೆ ಆ ಇಳಿಕೆ ನಿಂತಿತ್ತು. ಆದ್ದರಿಂದ ಬೇಸರ ಬೇಡ.

ನಿಮ್ಮ ಪ್ರಶ್ನೆಯ ತಿರುಳು ಇರುವುದು ಕುರ್ಲಾದ ಮಾತಿನಲ್ಲಿ. ಎಣಿಕೆಗಿಂತ ಹೊತ್ತು ಅರಿತು ಹೇಳುವುದೇ ಯಂತ್ರಕ್ಕೆ ಕಷ್ಟದ ವಿದ್ಯೆ. ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ‘ಹಾರ್ಟ್‌ಸ್ಟೆಪ್ಸ್’ ಎಂಬ ಆ್ಯಪ್‌ನಿಂದ ನಡಿಗೆಯ ಸಲಹೆಗಳನ್ನು ಕಳಿಸಿ ನೋಡಿದಾಗ, ಮೊದಮೊದಲು ಮುಂದಿನ ಅರ್ಧ ಗಂಟೆಯ ಹೆಜ್ಜೆಗಳು ಚೆನ್ನಾಗಿಯೇ ಹೆಚ್ಚಿದರೂ ದಿನ ಕಳೆದಂತೆ ಪರಿಣಾಮ ಕುಗ್ಗಿತು. ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂಬುದನ್ನು ಪ್ರತಿಯೊಬ್ಬರ ಸ್ಪಂದನೆಯಿಂದಲೇ ಕಲಿಯುವ ವಿಧಾನವನ್ನು ಅವರು ಆಮೇಲೆ ಅಳವಡಿಸಿಕೊಂಡರು. ನಿಮ್ಮ ವಾಚಿಗೆ ಆ ಜಾಣ್ಮೆ ಇಲ್ಲದಿದ್ದರೆ ನೀವೇ ಅದನ್ನು ಕಲಿಸಬಹುದು: ರೈಲಿನ ಹೊತ್ತಿನ ಎಚ್ಚರಿಕೆಗಳನ್ನು ನಿಲ್ಲಿಸಿ, ಊಟದ ಬಿಡುವಿಗೆ ಒಂದನ್ನು ಉಳಿಸಿಕೊಳ್ಳಿ. ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಿನ ನಡಿಗೆಯಂಥ ಚಟುವಟಿಕೆ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಿಲ್ದಾಣದಿಂದ ಕಚೇರಿಗೆ ಹೋಗಿಬರುವ ನಡಿಗೆಯೂ ಬಿರುಸಾಗಿದ್ದರೆ ಅದರಲ್ಲಿ ಸೇರುತ್ತದೆ.

ಇದೇ ಯಂತ್ರಕಲಿಕೆಯಿಂದ, ತಟ್ಟೆಯ ಫೋಟೊ ತೆಗೆದರೆ ಕ್ಯಾಲೊರಿ ಹೇಳುವ ಆ್ಯಪ್‌ಗಳನ್ನು ಮಾತ್ರ ನಾನು ಅಷ್ಟಾಗಿ ನಂಬುವುದಿಲ್ಲ. ವಡಾ ಪಾವನ್ನು ಅವು ಗುರುತಿಸಬಹುದು, ವಡೆ ಹೀರಿದ ಎಣ್ಣೆ ಫೋಟೊದಲ್ಲಿ ಕಾಣುವುದಿಲ್ಲ. ಮನೆಗೆ ತಿಂಗಳಿಗೆ ಎಷ್ಟು ಲೀಟರ್ ಎಣ್ಣೆ ಬಂತೆಂಬ ಕಿರಾಣಿ ಚೀಟಿಯೇ ಆ ಲೆಕ್ಕಕ್ಕೆ ಹೆಚ್ಚು ಉಪಯುಕ್ತ.