ಅಳು ಬಂದರೂ ಮಾತು ಮುಂದುವರಿಯಲಿ

‘ಅವರ ಎದುರು ಏನೂ ಹೇಳ್ಬೇಡಿ, ಅತ್ತುಬಿಡ್ತಾರೆ.’ ಸ್ಟ್ರೋಕ್ (ಲಕ್ವ) ಆದವರ ಮನೆಗಳಲ್ಲಿ ಈ ಮಾತು ಮತ್ತೆ ಮತ್ತೆ ಕೇಳುತ್ತೇನೆ. ಪ್ರೀತಿಯಿಂದಲೇ ಹೇಳುವ ಮಾತು. ಆದರೆ ಇದರಿಂದಾಗಿ ಎಷ್ಟೋ ಹಿರಿಯರು ತಮ್ಮ ಮನೆಯಲ್ಲೇ ಒಂಟಿಯಾಗುತ್ತಿದ್ದಾರೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.

ಅವರು ದಕ್ಷಿಣ ಕೊಡಗಿನ ಕಾಫಿ ಬೆಳೆಗಾರರು, ಎಪ್ಪತ್ತು ದಾಟಿದವರು. ಕಾಫಿ ಕೊಯ್ಲಿನ ಹೊತ್ತಿಗೆ ಸ್ಟ್ರೋಕ್ ಆಗಿ ಎಡಗೈ, ಎಡಗಾಲಿನ ಬಲ ಹೋಗಿತ್ತು. ನಡಿಗೆ ಸುಧಾರಿಸುತ್ತಿತ್ತು. ಮಾತು ನಿಧಾನ, ಆದರೆ ಅರ್ಥವಾಗುತ್ತಿತ್ತು. ನೆಂಟರು ಬಂದರೆ ಅಳು, ಟಿವಿಯಲ್ಲಿ ಮದುವೆ ಕಂಡರೂ ಅಳು. ಹಾಗಾಗಿ ಮನೆಯವರು ನೆಂಟರಿಗೆ ಬರಬೇಡಿ ಅಂದರು. ತೋಟದ ಸುದ್ದಿ ನಿಂತಿತು. ಕೂಲಿ ಲೆಕ್ಕದ ಪುಸ್ತಕ ಮಗನ ಕೋಣೆ ಸೇರಿತು.

ಆ ದಿನ ಅಪ್ಪ, ಅವ್ವ, ಮಗ ಮೂವರೂ ನನ್ನೆದುರು ಕೂತಿದ್ದರು. ಮಾತಿನ ನಡುವೆ ಮಗ, ‘ಹೂಮಳೆ ಚೆನ್ನಾಗಿ ಬಂತು ಮೇಡಂ, ತೋಟ ಪೂರ್ತಿ ಬೆಳ್ಳಗಾಗಿದೆ’ ಅಂದ. ಕಾಫಿ ಗಿಡ ಹೂ ಬಿಡಿಸುವ ಮಳೆ ಅದು. ಅಷ್ಟೇ, ಅಪ್ಪ ಬಿಕ್ಕಿ ಬಿಕ್ಕಿ ಅಳತೊಡಗಿದರು. ಅವ್ವನಿಗೆ ಸಿಟ್ಟು ಬಂತು: ‘ತೋಟದ ಮಾತು ತೆಗೀಬೇಡ ಅಂತ ಎಷ್ಟು ಸಲ ಹೇಳೋದು?’

ಅಳು ತಗ್ಗುವವರೆಗೆ ಕಾದೆ. ಆಮೇಲೆ ಅವರನ್ನೇ ಕೇಳಿದೆ: ‘ಬೇಜಾರಾಯ್ತಾ?’

ಇಲ್ಲ ಅಂತ ತಲೆಯಾಡಿಸಿದರು. ‘ಖುಷಿ’ ಅಂದರು. ಸ್ವಲ್ಪ ಹೊತ್ತು ಬಿಟ್ಟು, ‘ಅಳು ಅದರಷ್ಟಕ್ಕೇ ಬರ್ತದೆ. ಇವರು ಎದ್ದು ಹೋಗ್ತಾರೆ’ ಅಂದರು. ಕಣ್ಣೀರು ಇನ್ನೂ ಇಳಿಯುತ್ತಿತ್ತು. ಮಗನ ಕಡೆ ತಿರುಗಿ ಕೇಳಿದರು: ‘ಎರಡನೇ ಮಳೆ ಬಾರದಿದ್ರೆ... ಸ್ಪ್ರಿಂಕ್ಲರ್‌ಗೆ ಕೆರೇಲಿ ನೀರುಂಟಾ?’

ಮಗನಿಗೆ ಉತ್ತರ ಗೊತ್ತಿರಲಿಲ್ಲ.

ಅಳು, ನಗುವನ್ನು ಹತೋಟಿಯಲ್ಲಿಡುವ ಮಿದುಳಿನ ದಾರಿಗೆ ಪೆಟ್ಟು ಬಿದ್ದರೆ ಹೀಗಾಗುತ್ತದೆ. ಸ್ಟ್ರೋಕ್ ಆದವರಲ್ಲಿ ಸುಮಾರು 5 ಜನರಲ್ಲಿ ಒಬ್ಬರಿಗೆ ಇದು ಬರುತ್ತದೆ. ಸಣ್ಣ ಕಾರಣಕ್ಕೆ ಜೋರಾಗಿ ಬಂದು ಬೇಗ ನಿಲ್ಲುತ್ತದೆ. ಖಿನ್ನತೆ ಬೇರೆ. ಅದರಲ್ಲಿ ದಿನವಿಡೀ ಮನಸ್ಸು ಕುಗ್ಗಿರುತ್ತದೆ, ನಿದ್ದೆ ಕೆಡುತ್ತದೆ, ಊಟ ಸೇರುವುದಿಲ್ಲ, ವ್ಯಾಯಾಮವೂ ಬೇಡ ಅನಿಸುತ್ತದೆ. ಅದು ಸುಮಾರು 3 ಜನರಲ್ಲಿ ಒಬ್ಬರನ್ನು ಕಾಡುತ್ತದೆ. ಕೆಲವರಿಗೆ ಎರಡೂ ಇರಬಹುದು. ಎರಡಕ್ಕೂ ಮಾತ್ರೆ ಇದೆ, ಡಾಕ್ಟರಿಗೆ ತಪ್ಪದೆ ಹೇಳಿ.

ಆದರೆ ಇದ್ದಕ್ಕಿದ್ದಂತೆ ಮುಖ ಒಂದು ಕಡೆ ಸೊಟ್ಟಗಾದರೆ, ಕೈ ಸೋತರೆ, ಮಾತು ತೊದಲಿದರೆ ಅದು ಸ್ಟ್ರೋಕ್ ಇರಬಹುದು, ಕೂಡಲೇ 108ಕ್ಕೆ ಕರೆ ಮಾಡಿ. ರಕ್ತದ ಗಡ್ಡೆ ಕರಗಿಸುವ ಇಂಜೆಕ್ಷನ್ ಕೊಡಬೇಕಾದರೆ ಸ್ಕ್ಯಾನ್ ಆಗಬೇಕು, ಸಾಮಾನ್ಯವಾಗಿ ಲಕ್ಷಣ ಶುರುವಾದ 4.5 ಗಂಟೆಯೊಳಗೆ ಕೊಡಬೇಕು. ಕೊಡಗಿನಿಂದ ಮೈಸೂರಿಗೆ ಹೋಗುವುದಾದರೆ ದಾರಿಯಲ್ಲೇ ಎಷ್ಟು ಹೊತ್ತು ಹೋಗುತ್ತದೆ ಅಂತ ನಿಮಗೇ ಗೊತ್ತು. ಎಣ್ಣೆ ತಿಕ್ಕುತ್ತಾ ಕೂರಬೇಡಿ.

ಲೆಕ್ಕದ ಪುಸ್ತಕ ಅಪ್ಪನಿಗೇ ಕೊಡಿ, ಬಲಗೈ ಗಟ್ಟಿಯಾಗಿದೆಯಲ್ವಾ ಅಂದೆ. ‘ಬಿಪಿ ಏರಿದರೆ ನೀವು ಜವಾಬ್ದಾರರಾ?’ ಅಂತ ಅವರ ಸಂಬಂಧಿಕರೊಬ್ಬರು ಆಮೇಲೆ ನನ್ನನ್ನು ಕೇಳಿದರು. ಬಿಪಿಯನ್ನು ಹಿಡಿದಿಡುವುದು ದಿನದ ಮಾತ್ರೆ, ಕಡಿಮೆ ಉಪ್ಪು, ಡಾಕ್ಟರ ತಪಾಸಣೆ. ಮನೆಯವರ ಮೌನದಿಂದ ಅದು ಇಳಿಯುವುದಿಲ್ಲ. ಬದುಕಿಡೀ ತೋಟ ನೋಡಿಕೊಂಡವರ ಕೈಯಿಂದ ತೋಟವನ್ನೇ ಕಿತ್ತುಕೊಂಡರೆ, ವ್ಯಾಯಾಮ ಮಾಡಿ ಅಂತ ಯಾವ ಬಾಯಲ್ಲಿ ಹೇಳುವುದು?

ಅವ್ವನ ಭಯ ಬೇರೆ ಇತ್ತು. ಜನ ಅಯ್ಯೋ ಪಾಪ ಅಂದಾರು ಅಂತ. ಅದಕ್ಕೆ ಒಂದು ಚಿಕ್ಕ ಮಾತನ್ನು ಅಭ್ಯಾಸ ಮಾಡಿಸಿದೆವು. ಬಂದವರು ಜಗಲಿಯಲ್ಲಿ ಕೂತ ಕೂಡಲೇ ಅಪ್ಪನೇ ಹೇಳಬೇಕು: ‘ಅಳು ಬಂದ್ರೆ ಗಾಬರಿ ಬೇಡ, ಮಾತಾಡಿ.’