ಆಪ್‌ಗೆ ನಮ್ಮ ತಂಬುಳಿ ಗೊತ್ತಿಲ್ಲ, ಬಿಪಿಗೆ ಏನು ಮಾಡೋದು?

ಪ್ರಶ್ನೆ: ನಮ್ಮದು ಹೊಸನಗರ ತಾಲ್ಲೂಕಿನ ಹಳ್ಳಿ. ಮಾವನವರಿಗೆ 61 ವರ್ಷ. ಬಿಪಿ 150/94ರ ಆಸುಪಾಸಿನಲ್ಲಿರುತ್ತದೆ, ದಿನಾ ಮಾತ್ರೆ ತಗೊಳ್ಳುತ್ತಾರೆ. ಉಪ್ಪು ಕಡಿಮೆ ಮಾಡಿ ಅಂತ ಡಾಕ್ಟರು ಹೇಳಿದ್ದಾರೆ. ಬೆಂಗಳೂರಿನಲ್ಲಿರುವ ಮೈದುನ ನನ್ನ ಫೋನಿಗೆ ಊಟದ ಲೆಕ್ಕ ಇಡುವ ಆಪ್ ಹಾಕಿಕೊಟ್ಟಿದ್ದಾನೆ. ಅದರಲ್ಲಿ ಕಡುಬು ಹುಡುಕಿದರೆ ಏನೇನೋ ಬರುತ್ತದೆ. ತಂಬುಳಿ, ಅಪ್ಪೆಹುಳಿ ಇಲ್ಲವೇ ಇಲ್ಲ. ಮೂರು ಹೊತ್ತೂ ಬರೆದು ಸಾಕಾಗಿದೆ. ಇದರಿಂದ ನಿಜವಾಗಿ ಉಪಯೋಗ ಉಂಟಾ?

ಉತ್ತರ: ಉಪಯೋಗ ಉಂಟು, ಆದರೆ ನಿಮ್ಮ ಮೈದುನ ಅಂದುಕೊಂಡ ರೀತಿಯಲ್ಲಿ ಅಲ್ಲ. ಮೂರು ಹೊತ್ತು ಬರೆಯುವುದನ್ನು ಇವತ್ತೇ ನಿಲ್ಲಿಸಿ.

ಇಂಥ ಆಪ್‌ಗಳಲ್ಲಿ ಹೆಚ್ಚಿನವು ತೂಕ ಇಳಿಸಬೇಕು ಅನ್ನುವವರಿಗಾಗಿ ಮಾಡಿದವು. ತೆರೆದ ಕೂಡಲೇ ಕ್ಯಾಲೊರಿ ಕಾಣುತ್ತದೆ. ಬಿಪಿ ಇರುವವರು ನೋಡಬೇಕಾದ ಸೋಡಿಯಂ, ಅಂದರೆ ಉಪ್ಪಿನಲ್ಲಿ ಬಿಪಿ ಏರಿಸುವ ಅಂಶ, ಒಳಗೆಲ್ಲೋ ಅಡಗಿರುತ್ತದೆ. ಸಿಕ್ಕಿದರೂ ಪೂರ್ತಿ ನಂಬುವ ಹಾಗಿಲ್ಲ. ‘ಸಾಂಬಾರ್, ಒಂದು ಬಟ್ಟಲು’ ಅಂತ ಒತ್ತಿದರೆ ಅದು ಇನ್ಯಾರದೋ ಮನೆಯ ಸಾಂಬಾರಿನ ಲೆಕ್ಕ ಕೊಡುತ್ತದೆ. ನಿಮ್ಮ ಕೈ ಅಳತೆ ಅದಕ್ಕೆ ಹೇಗೆ ಗೊತ್ತಾಗಬೇಕು? ಪ್ಯಾಕೆಟ್ ತಿಂಡಿಯೇ ಜಾಸ್ತಿ ಇರುವ ದೇಶಗಳಲ್ಲಿ ಈ ಲೆಕ್ಕ ಸುಮಾರಾಗಿ ಸರಿಹೋಗುತ್ತದೆ. ನಮ್ಮಲ್ಲಿ ಉಪ್ಪು ಬರುವುದು ಒಲೆಯ ಪಕ್ಕದ ಡಬ್ಬಿಯಿಂದ, ಮತ್ತೆ ಉಪ್ಪಿನಕಾಯಿ ಭರಣಿಯಿಂದ.

ಹಾಗಾಗಿ ಡಬ್ಬಿಯಿಂದಲೇ ಶುರು ಮಾಡಿ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅಂದರೆ ಸುಮಾರು ಒಂದು ಟೀ ಚಮಚ, ಎಲ್ಲ ಸೇರಿ. ನಿಮ್ಮ ಮನೆಯಲ್ಲಿ ಐದು ಜನ ದೊಡ್ಡವರಿದ್ದಾರೆ ಅಂತಿಟ್ಟುಕೊಳ್ಳಿ. ದಿನಕ್ಕೆ 25 ಗ್ರಾಂ. ಒಂದು ಕಿಲೋ ಪ್ಯಾಕೆಟ್ 40 ದಿನವಾದರೂ ಬರಬೇಕು. ಉಪ್ಪಿನಕಾಯಿ, ಹಪ್ಪಳ, ಬಿಸ್ಕತ್ತು ಈ ಲೆಕ್ಕಕ್ಕೆ ಬಂದಿಲ್ಲವಲ್ಲ, ಅದಕ್ಕೇ ಇನ್ನೂ ಜಾಸ್ತಿ ದಿನ ಬಂದರೆ ಒಳ್ಳೆಯದು. ಹೊಸ ಪ್ಯಾಕೆಟ್ ಒಡೆದ ದಿನ ಫೋನಿನಲ್ಲಿ ಅದರ ಫೋಟೊ ತೆಗೆಯಿರಿ. ಮುಗಿದ ದಿನ ಇನ್ನೊಂದು. ತಾರೀಖು ಫೋನೇ ಬರೆದುಕೊಳ್ಳುತ್ತದೆ. ಇದಕ್ಕೆ ಆಪ್ ಬೇಡ, ಮಳೆಗಾಲದಲ್ಲಿ ಕೈಕೊಡುವ ನೆಟ್‌ವರ್ಕೂ ಬೇಡ. ಕೊಟ್ಟಿಗೆಗೆ ಕೊಡುವ ಉಪ್ಪನ್ನು ಮಾತ್ರ ಬೇರೆ ಪ್ಯಾಕೆಟ್‌ನಿಂದ ತೆಗೆಯಿರಿ. ಇಲ್ಲದಿದ್ದರೆ ದನದ ಉಪ್ಪೂ ಮಾವನವರ ಲೆಕ್ಕಕ್ಕೆ ಸೇರುತ್ತದೆ!

ಒಂದು ಪುಟ್ಟ ಡಿಜಿಟಲ್ ತಕ್ಕಡಿ ತಗೊಳ್ಳಿ. ನನ್ನ ಮಟ್ಟಿಗೆ ಬಿಪಿ ಇರುವವರ ಅಡುಗೆಮನೆಯಲ್ಲಿ ಆಪ್‌ಗಿಂತ ಇದಕ್ಕೇ ಬೆಲೆ ಜಾಸ್ತಿ. ಹುಳಿಗೆ ದಿನಾ ಹಾಕುವಷ್ಟು ಉಪ್ಪನ್ನು ಒಮ್ಮೆ ತೂಗಿ ನೋಡಿ. ಬಂದ ತೂಕವನ್ನು ಉಣ್ಣುವವರ ಸಂಖ್ಯೆಯಿಂದ ಭಾಗಿಸಿ. ಸಾರು, ಪಲ್ಯ, ಕಡುಬಿನ ಹಿಟ್ಟಿಗೂ ಹೀಗೇ ಒಂದೊಂದು ಸಲ ಮಾಡಿ. ಆಪ್ ಬಳಸಲೇಬೇಕು ಅಂತಿದ್ದರೆ ‘ನನ್ನ ಅಡುಗೆ’ ಸೇರಿಸುವ ಜಾಗದಲ್ಲಿ ಇದನ್ನು ಹಾಕಿಡಿ. ಆಮೇಲೆ ಅದು ಕೊಡುವ ಲೆಕ್ಕ ನಿಮ್ಮ ಮನೆಯದೇ ಆಗಿರುತ್ತದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯದೇ ‘ನ್ಯೂಟ್ರಿಫೈ ಇಂಡಿಯಾ ನೌ’ ಅನ್ನುವ ಆಪ್ ಇದೆ, ನಮ್ಮ ಕಡೆಯ ಪದಾರ್ಥ ಹುಡುಕಲು ಅದನ್ನೂ ನೋಡಬಹುದು.

ಇನ್ನು ಭರಣಿ. ಮಿಡಿ ಉಪ್ಪಿನಕಾಯಿ ಬಿಡಿ ಅಂದರೆ ಮಲೆನಾಡಿನಲ್ಲಿ ಯಾರೂ ಬಿಡುವುದಿಲ್ಲ, ಗೊತ್ತು. ರಸ ಬೇಡ. ಮಿಡಿಯ ಒಂದು ಚೂರು, ಅದೂ ದಿನಕ್ಕೆ ಒಂದೇ ಹೊತ್ತು. ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆಯನ್ನು ನೀರು ಬದಲಿಸುತ್ತಾ ಚೆನ್ನಾಗಿ ನೆನೆಸಿ, ಪಲ್ಯಕ್ಕೆ ಮತ್ತೆ ಉಪ್ಪು ಹಾಕಬೇಡಿ. ಗಂಜಿ ಊಟದ ದಿನ ಜಾಗ್ರತೆ. ಗಂಜಿಗೆ ಉಪ್ಪು, ಪಕ್ಕದಲ್ಲಿ ಉಪ್ಪಿನಕಾಯಿ, ಮೇಲೆ ಸುಟ್ಟ ಹಪ್ಪಳ ಅಥವಾ ಬಾಳಕದ ಮೆಣಸು. ಜ್ವರದವರ ಊಟ ಅಂತ ಕಾಣುತ್ತದೆ, ಉಪ್ಪಿನ ಲೆಕ್ಕದಲ್ಲಿ ಅದೇ ಭಾರಿ. ಸೈಂಧವ ಲವಣಕ್ಕೆ ಬದಲಾಯಿಸಿದರೂ ಬಿಪಿಗೆ ಲಾಭ ಇಲ್ಲ, ಅದರಲ್ಲಿರುವುದೂ ಮುಖ್ಯವಾಗಿ ಸೋಡಿಯಂ ಕ್ಲೋರೈಡೇ.

ಒಂದು ವಾರ ಮಾವನವರ ತಟ್ಟೆಯ ಫೋಟೊ ತೆಗೆಯಿರಿ, ಸಂಜೆ ಚಹಾದ ಜೊತೆಗಿನ ಕುರುಕಲು ಸಮೇತ. ಬರೆಯುವಾಗ ಮರೆತುಹೋಗುವ ಎರಡನೇ ಹಪ್ಪಳ ಫೋಟೊದಲ್ಲಿ ಸಿಕ್ಕಿಬೀಳುತ್ತದೆ. ಆದರೆ ಕದ್ದು ತೆಗೆಯಬೇಡಿ, ಅವರಿಗೆ ಹೇಳಿಯೇ ತೆಗೆಯಿರಿ. ಮನೆಯ ವಾಟ್ಸಾಪ್ ಗುಂಪಿಗೆ ಹಾಕಿ ನಗುವುದೂ ಬೇಡ. ಹಿರಿಯರಿಗೆ ಬೇಜಾರಾದರೆ ಮರುದಿನದಿಂದ ಉಪ್ಪಿನ ಡಬ್ಬಿ ಅವರ ಕೈಗೇ ಹೋಗುತ್ತದೆ.

ಪ್ಯಾಕೆಟ್ ತಿಂಡಿಗೆ ಫೋನಿನ ಕ್ಯಾಲ್ಕುಲೇಟರ್ ಸಾಕು. ಹಿಂಬದಿಯ ಸೋಡಿಯಂ ಅಂಕಿಯನ್ನು 2.5ರಿಂದ ಗುಣಿಸಿದರೆ ಉಪ್ಪಿನ ತೂಕ ಬರುತ್ತದೆ. 100 ಗ್ರಾಂ ಮಿಕ್ಸ್ಚರಿನಲ್ಲಿ 800 ಮಿಲಿಗ್ರಾಂ ಸೋಡಿಯಂ ಇದ್ದರೆ 2 ಗ್ರಾಂ ಉಪ್ಪು.

ಬರೀ ಕಡಿಮೆ ಮಾಡುವುದೇ ಮಾತಲ್ಲ. ಅಮೆರಿಕದಲ್ಲಿ 1997ರಲ್ಲಿ ಪ್ರಕಟವಾದ ಡ್ಯಾಶ್ ಅಧ್ಯಯನದಲ್ಲಿ ಉಪ್ಪನ್ನು ಮುಟ್ಟದೆ, ಹಣ್ಣು, ತರಕಾರಿ, ಕಡಿಮೆ ಕೊಬ್ಬಿನ ಹಾಲು ಮೊಸರು ಹೆಚ್ಚಿಸಿ, ಜಿಡ್ಡು ತಗ್ಗಿಸಿದರು. ಬಿಪಿ ಜಾಸ್ತಿ ಇದ್ದವರಲ್ಲಿ ಮೇಲಿನ ಅಂಕಿ ಸುಮಾರು 11ರಷ್ಟು ಇಳಿಯಿತು. ನಿಮ್ಮ ಹಿತ್ತಲಲ್ಲೇ ಬಸಳೆ, ಹರಿವೆ, ಒಂದೆಲಗ, ಬಾಳೆದಿಂಡು ಇರುತ್ತವೆ ಅಲ್ವಾ? ಕೆನೆ ತೆಗೆದ ಮಜ್ಜಿಗೆಯ ತಂಬುಳಿಗೆ ಉಪ್ಪು ಅರ್ಧ ಮಾಡಿ, ಜೀರಿಗೆ, ಕಾಳುಮೆಣಸು ಒಂದು ಕೈ ಮುಂದಿಡಿ. ಆಪ್‌ಗೆ ಹೆಸರು ಗೊತ್ತಿಲ್ಲದಿದ್ದರೂ ಒಳ್ಳೆಯ ಊಟವೇ. ಉಪ್ಪನ್ನು ಒಮ್ಮೆಲೇ ಇಳಿಸದೆ ಸ್ವಲ್ಪ ಸ್ವಲ್ಪವೇ ಇಳಿಸಿ. ಕೆಲವು ವಾರಗಳಲ್ಲಿ ನಾಲಿಗೆ ಒಗ್ಗುತ್ತದೆ.

ಇದೆಲ್ಲ ಫಲ ಕೊಡುತ್ತಿದೆಯೇ ಅಂತ ಹೇಳುವುದು ತೋಳಿಗೆ ಪಟ್ಟಿ ಕಟ್ಟುವ ಬಿಪಿ ಮಿಷನ್. ಐದು ನಿಮಿಷ ಬೆನ್ನು ಒರಗಿಸಿ, ಕಾಲು ನೆಲಕ್ಕೆ ತಾಗುವಂತೆ ಸುಮ್ನೆ ಕೂರಿಸಿ, ತೋಳು ಎದೆಯ ಮಟ್ಟಕ್ಕಿರಲಿ. ಬೆಳಿಗ್ಗೆ ಎರಡು ಸಲ, ಸಂಜೆ ಎರಡು ಸಲ, ಒಂದು ವಾರ ನೋಡಿ. ಮನೆಯ ಸರಾಸರಿ 135/85 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಅಂತಲೇ ಅರ್ಥ. ಆ ಪಟ್ಟಿಯನ್ನು ಡಾಕ್ಟರಿಗೆ ತೋರಿಸಲೇಬೇಕು. ಮನೆಯಲ್ಲಿ ಸುಮ್ನೆ ಅಳೆದುಕೊಂಡರೆ ಬಿಪಿ ಅಷ್ಟಾಗಿ ಇಳಿಯದು, ಜೊತೆಗೆ ಸಲಹೆಯೋ ಮಾತ್ರೆಯ ಬದಲಾವಣೆಯೋ ಸೇರಿದಾಗ ಇಳಿಯುತ್ತದೆ ಎಂದು 2017ರಲ್ಲಿ ಹಲವು ಅಧ್ಯಯನ ಒಟ್ಟುಗೂಡಿಸಿ ನೋಡಿದಾಗ ಕಂಡಿದೆ. ಶಿವಮೊಗ್ಗದವರೆಗೆ ಬರುವುದು ಕಷ್ಟವಾದರೆ ಸರ್ಕಾರದ ಇ-ಸಂಜೀವಿನಿ ಆನ್‌ಲೈನ್ ಸೇವೆಯಲ್ಲಿ ಉಚಿತವಾಗಿ ಡಾಕ್ಟರ ಜೊತೆ ಮಾತಾಡಬಹುದು. ಅಂಕಿ ಇಳಿಯಿತು ಅಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ.

ಪ್ರಶ್ನೆ: ಕ್ಯಾಮೆರಾ ಮೇಲೆ ಬೆರಳಿಟ್ಟರೆ ಬಿಪಿ ತೋರಿಸುವ ಆಪ್ ಇದೆಯಂತೆ. ಮಿಷನ್ ಬದಲು ಅದು ಸಾಕಾ? (ತೀರ್ಥಹಳ್ಳಿ)

ಉತ್ತರ: ಬೇಡ. ಇಂಥ ಒಂದು ಜನಪ್ರಿಯ ಆಪ್ ಅನ್ನು ಅಮೆರಿಕದಲ್ಲಿ ಪರೀಕ್ಷಿಸಿ 2016ರಲ್ಲಿ ವರದಿ ಕೊಟ್ಟರು. ಬಿಪಿ ಜಾಸ್ತಿ ಇದ್ದವರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜನರಿಗೆ ಅದು ‘ಸರಿಯಾಗಿದೆ’ ಅಂತ ತೋರಿಸಿತ್ತು. ಆ ದುಡ್ಡಿಗೆ, ಆ ಸಮಯಕ್ಕೆ ಹತ್ತಿರದ ಆರೋಗ್ಯ ಕೇಂದ್ರಕ್ಕೆ ಹೋಗಿ.

ಪ್ರಶ್ನೆ: ಆನ್‌ಲೈನ್‌ನಲ್ಲಿ ಕಡಿಮೆ ಸೋಡಿಯಂ ಉಪ್ಪು ಸಿಗುತ್ತದೆ. ಅಮ್ಮನಿಗೆ ತರಿಸಬಹುದಾ? ಬಿಪಿ, ಸಕ್ಕರೆ ಎರಡೂ ಇದೆ. (ಸಾಗರ)

ಉತ್ತರ: ಮೊದಲು ರಕ್ತ ಪರೀಕ್ಷೆ, ಆಮೇಲೆ ಆರ್ಡರ್. ಈ ಉಪ್ಪಿನಲ್ಲಿ ಸೋಡಿಯಂನ ಒಂದು ಪಾಲು ತೆಗೆದು ಪೊಟ್ಯಾಸಿಯಂ ಹಾಕಿರುತ್ತಾರೆ. ಚೀನಾದ ಹಳ್ಳಿಗಳಲ್ಲಿ ನಡೆದ ದೊಡ್ಡ ಅಧ್ಯಯನದಲ್ಲಿ ಇದರಿಂದ ಪಾರ್ಶ್ವವಾಯು ಕಡಿಮೆಯಾಯಿತು ಅಂತ 2021ರಲ್ಲಿ ಗೊತ್ತಾಯಿತು. ಆದರೆ ಕಿಡ್ನಿ ದುರ್ಬಲವಾಗಿದ್ದರೆ ಪೊಟ್ಯಾಸಿಯಂ ರಕ್ತದಲ್ಲೇ ಉಳಿದು ಹೃದಯದ ಬಡಿತ ಕೆಡಿಸಬಹುದು. ಸಕ್ಕರೆ ಕಾಯಿಲೆ ಹಳೆಯದಾದರೆ ಕಿಡ್ನಿಗೆ ಪೆಟ್ಟು ಬಿದ್ದಿರುವ ಸಾಧ್ಯತೆ ಇರುತ್ತದೆ. ಟೆಲ್ಮಿಸಾರ್ಟನ್, ಎನಾಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್‌ನಂಥ ಬಿಪಿ ಮಾತ್ರೆಗಳೂ ಪೊಟ್ಯಾಸಿಯಂ ಏರಿಸುತ್ತವೆ. ಕ್ರಿಯೇಟಿನಿನ್ (ಕಿಡ್ನಿ ಹೇಗಿದೆ ಅಂತ ತೋರಿಸುವ ಅಂಕಿ), ಪೊಟ್ಯಾಸಿಯಂ ಎರಡನ್ನೂ ಪರೀಕ್ಷೆ ಮಾಡಿಸಿ, ಮಾತ್ರೆ ಚೀಟಿಯ ಜೊತೆ ಡಾಕ್ಟರಿಗೆ ತೋರಿಸಿ ಕೇಳಿ.