ಜಮೀನಿನ ಪಹಣಿ ಇನ್ನೂ ಅಜ್ಜನ ಹೆಸರಲ್ಲಿದೆ. ಊರಿನ ಸಹಕಾರಿ ಸೊಸೈಟಿಯಲ್ಲಿ ಬೆಳೆ ಸಾಲ ಸಿಗುತ್ತದೆಯೇ?

ಈಗಿರುವ ಹಾಗೇ ಹೋದರೆ ಸಿಗುವುದಿಲ್ಲ. ಹತ್ತು ವರ್ಷದಿಂದ ನೀವೇ ಉಳುತ್ತಿದ್ದೀರಿ ಅಂತ ಬರೆದಿದ್ದೀರಿ, ಆದರೆ ಸೊಸೈಟಿಯವರು ನೋಡುವುದು ಪಹಣಿಯಲ್ಲಿರುವ ಹೆಸರನ್ನು.

ಅಪ್ಪ ತೀರಿಕೊಂಡ ವರ್ಷ ನಾನೂ ಹೀಗೇ ಹೋಗಿದ್ದೆ. ಸೆಕ್ರೆಟರಿ ಅಜ್ಜನ ಹೆಸರಿನ ಮೇಲೆ ಬೆರಳಿಟ್ಟು "ಇವರು ಇದ್ದಾರಾ?" ಅಂದರು. ತೀರಿಹೋಗಿ ಇಪ್ಪತ್ತು ವರ್ಷ ಆಯ್ತು ಅಂದೆ. ಪಹಣಿ ಮಡಚಿ ನನ್ನ ಕೈಗೇ ಕೊಟ್ಟರು. ಆ ಸಲ ಬೀಜ ಗೊಬ್ಬರಕ್ಕೆ ದಲ್ಲಾಳಿ ಹತ್ತಿರ ಹಣ ತಂದೆ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ, ಮೇಲೆ ಮಾಲು ಅವರ ಅಂಗಡಿಗೇ ಹಾಕಬೇಕು. ಪಕ್ಕದ ಹೊಲದವರು ಅದೇ ಬೆಳೆಗೆ ಸೊಸೈಟಿಯಿಂದ ಬಡ್ಡಿಯೇ ಇಲ್ಲದೆ ಸಾಲ ತಂದಿದ್ದರು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.

ಮೊದಲು ಪೌತಿ ಖಾತೆ ಮಾಡಿಸಿ, ಅಂದರೆ ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸಿಕೊಳ್ಳಿ. ಅಜ್ಜನ ಮರಣ ಪ್ರಮಾಣಪತ್ರ, ಅಪ್ಪನೂ ಇಲ್ಲದಿದ್ದರೆ ಅವರದೂ, ಜೊತೆಗೆ ವಂಶವೃಕ್ಷ ಬೇಕು. ವಾರಸುದಾರರೆಲ್ಲರ ಹೆಸರೂ ಬರುತ್ತದೆ, ಚಿಕ್ಕಪ್ಪಂದಿರದು ಮಾತ್ರವಲ್ಲ, ಮದುವೆಯಾಗಿ ಹೋದ ಅತ್ತೆಯರದೂ. ಜಂಟಿ ಖಾತೆ ಆದರೆ ಸಾಲಕ್ಕೆ ಉಳಿದವರ ಒಪ್ಪಿಗೆ ಕೇಳುತ್ತಾರೆ. ಹಾಗಾಗಿ ಸಾಧ್ಯವಾದರೆ 11ಇ ನಕ್ಷೆ (ಸರ್ವೆಯವರು ಪಾಲು ಅಳೆದು ಕೊಡುವ ನಕ್ಷೆ) ಮಾಡಿಸಿ, ವಿಭಾಗ ಪತ್ರ ನೋಂದಣಿ ಮಾಡಿಕೊಳ್ಳಿ. ನಿಮ್ಮ ಪಾಲಿನ ಪಹಣಿ ಬಂದ ಮೇಲೆ ಅದನ್ನು ಫ್ರೂಟ್ಸ್ ಐಡಿಗೆ, ಅಂದರೆ ಸರ್ಕಾರ ಕೊಡುವ ರೈತರ ನೋಂದಣಿ ಸಂಖ್ಯೆಗೆ, ಸೇರಿಸಿ.

ಪಹಣಿ ಕೈಗೆ ಬಂದ ಕೂಡಲೇ ಸೊಸೈಟಿಯಲ್ಲಿ ಷೇರು ಕಟ್ಟಿ ಸದಸ್ಯರಾಗಿ. ಬಿತ್ತನೆ ಬರಲಿ ಅಂತ ಕಾಯಬೇಡಿ. ಸೊಸೈಟಿಗೆ ಹಣ ಬರುವುದು ಡಿಸಿಸಿ (ಜಿಲ್ಲಾ ಸಹಕಾರ ಕೇಂದ್ರ) ಬ್ಯಾಂಕಿನಿಂದ, ಅದೂ ಇಷ್ಟೇ ಅಂತ ಮಿತಿ ಇರುತ್ತದೆ. ಹಳೇ ಸದಸ್ಯರ ಸಾಲ ನವೀಕರಣಕ್ಕೇ ಅದು ಮುಗಿದು, ಹೊಸಬರಿಗೆ "ಮುಂದಿನ ವರ್ಷ ನೋಡೋಣ" ಅನ್ನುವುದು ಬಹಳ ಕಡೆ ನಡೆಯುತ್ತದೆ.

ಶೂನ್ಯ ಬಡ್ಡಿ ಸಾಲದ ಮಿತಿಯನ್ನು 3 ಲಕ್ಷದಿಂದ 5 ಲಕ್ಷಕ್ಕೆ ಏರಿಸುವುದಾಗಿ ರಾಜ್ಯ ಸರ್ಕಾರ 2023ರ ಬಜೆಟ್‌ನಲ್ಲಿ ಹೇಳಿತು. ಅಷ್ಟೂ ಎಲ್ಲರಿಗೂ ಸಿಗುವುದಿಲ್ಲ, ಬೆಳೆ ಮತ್ತು ಎಕರೆ ನೋಡಿ ಕೊಡುತ್ತಾರೆ. ಗಡುವಿನೊಳಗೆ ಪೂರ್ತಿ ಕಟ್ಟಿದರೆ ಮಾತ್ರ ಶೂನ್ಯ ಬಡ್ಡಿ. ಗಡುವು ಹತ್ತಿರ ಬಂದಾಗ ಒಂದು ವಾರದ ಮಟ್ಟಿಗೆ ಕೈಗಡ ತಂದು ಹಳೇದನ್ನು ಕಟ್ಟಿ, ಹೊಸ ಸಾಲ ಬಂದ ದಿನವೇ ಅದನ್ನು ತೀರಿಸುವವರು ನಮ್ಮಲ್ಲಿ ಎಷ್ಟೋ ಜನ. ಆ ವಾರದ ಬಡ್ಡಿ ಯಾವ ಲೆಕ್ಕದಲ್ಲೂ ಬರುವುದಿಲ್ಲ. ಮಾಲು ಮಾರಿದ ದಿನವೇ ಸಾಲದ ದುಡ್ಡು ಬೇರೆ ತೆಗೆದಿಡಿ.

ಒಬ್ಬ ಅತ್ತೆ ಮುಂಬೈಯಲ್ಲಿದ್ದಾರೆ ಅಂದಿರಲ್ಲ, ಮೊದಲು ಅವರಿಗೆ ಫೋನ್ ಮಾಡಿ. ನನಗೆ ಒಂದು ಸಹಿಗೇ ಏಳು ತಿಂಗಳು ಹಿಡಿಯಿತು.